ಕತ್ತೆಕಿರುಬನ ಹೊಟ್ಟೆಯಲ್ಲಿ ಸಿಕ್ಕಿದ್ದು

ಚಾಕು ತಾಗಿದ ಕೂಡಲೇ ಕತ್ತೆಕಿರುಬನ ಉಬ್ಬಿದ ಹೊಟ್ಟೆ ಬುಸ್ಸೆಂದಿತು. ಎರಡು ದಿನದಿಂದ ಬಿಸಿಲಿಗೆ ಕೊಳೆಯುತ್ತಿದ್ದ ಗಾಳಿಯಷ್ಟೂ ನೇರವಾಗಿ ಬಂದು ಇನ್‌ಸ್ಪೆಕ್ಟರ್ ಕಟುಂಗೆಯ ಮುಖಕ್ಕೆ ಬಡಿಯಿತು.

“ಥೂ! ಥೂ! ಏನ್ ಕರ್ಮಾನಪ್ಪಾ ಇದು!”

ಮೂಗಿನ ಕೆಳಗೆ ಬಳಿದುಕೊಂಡಿದ್ದ ತಲೆನೋವಿನ ಮುಲಾಮು ಯಾವ ಮೂಲೆಗೂ ಸಾಲಲಿಲ್ಲ. ಬೆಳಿಗ್ಗೆ ಕುಡಿದ ಚಹಾ ಗಂಟಲವರೆಗೆ ಬಂದು ನಿಂತಿತು. ಸೊಂಟದ ಬೆಲ್ಟು ಬೇರೆ ಹೊಟ್ಟೆಯನ್ನು ಹಿಂಡುತ್ತಿತ್ತು. ಆಕೆ ಅದನ್ನು ಪಿಸ್ತೂಲಿನ ಸಮೇತ ಬಿಚ್ಚಿ ಕೈಯಲ್ಲಿ ಹಿಡಿದು ಕೂಗಿದಳು.

“ಬರಾಸಾ! ಬಾ ಇಲ್ಲಿ. ಇದನ್ನ ತಗೊಂಡ್ಹೋಗಿ ಜೀಪಲ್ಲಿಡು. ಇನ್ನೊಂದು ಗಳಿಗೆ ಕಟ್ಕೊಂಡಿದ್ರೆ ಇದರ ಮೇಲೇ ಕಕ್ಕೋತೀನಿ.”

ಠಾಣೆಯ ಜೀಪು ಓಡಿಸುವ ಕಾನ್‌ಸ್ಟೆಬಲ್ ಬರಾಸಾ ಕಡಲೆಕಾಯಿ ಮೆಲ್ಲುತ್ತ ಬಂದ. ಅವನ ಬಾಯಿ ಸುಮ್ಮನಿದ್ದುದನ್ನು ಕಟುಂಗೆ ಈ ಠಾಣೆಗೆ ವರ್ಗವಾಗಿ ಬಂದಾಗಿನಿಂದ ನೋಡಿರಲಿಲ್ಲ. ಸಿಪ್ಪೆಯನ್ನು ಅಂಗೈಯಲ್ಲೇ ಊದಿ, ಬೆಲ್ಟನ್ನು ಭುಜಕ್ಕೆ ಹಾಕಿಕೊಂಡ.

“ನೀವೂ ನಾಲ್ಕು ಕಾಳು ಬಾಯಿಗೆ ಹಾಕ್ಕೊಳ್ಳಿ ಮೇಡಂ. ಹೊಟ್ಟೆ ತೊಳಸೋದು ನಿಲ್ಲುತ್ತೆ.”

“ಈ ನಾತದಲ್ಲಿ ಹೇಗಯ್ಯಾ ತಿಂತೀಯ? ನಿನಗೇನು ಮೂಗು ಇದೆಯೋ, ಸುಮ್ನೆ ಅಂದಕ್ಕೆ ಅಂಟಿಸಿದ್ದೋ?”

ಬರಾಸಾ ನಕ್ಕು ಜೀಪಿನ ಕಡೆ ಹೋದ. ಈಚೆಗೆ ಎಲ್ಲಿ ನಿಲ್ಲಿಸಿದರೂ ಅವನು ಜೀಪಿನ ಹಿಂಭಾಗವನ್ನು ಮುಳ್ಳುಪೊದೆಯೊಳಗೆ ತುರುಕಿಯೇ ನಿಲ್ಲಿಸುವವನು. ನೆರಳಿಗಂತೆ. ಸರ್ಕಾರಿ ಗಾಡಿಯನ್ನು ಮದುಮಗಳಂತೆ ನೋಡಿಕೊಳ್ಳುವ ಹುಚ್ಚು ಅವನಿಗೆ. ಕನ್ನಡಿಗೆ ಮಣಿಸರ ಕಟ್ಟುವುದೇನು, ಬಣ್ಣದ ಡಬ್ಬಿ ಹಿಡಿದು ಬಾಗಿಲ ಮೇಲೆ ಚಿತ್ತಾರ ಬರೆಯುವುದೇನು! ಅವನ ಹೆಂಡತಿಗೂ ಇಷ್ಟು ಉಪಚಾರ ಸಿಕ್ಕಿರಲಿಕ್ಕಿಲ್ಲ.

ಕಟುಂಗೆ ಸುತ್ತ ನೋಡಿದಳು. ನೋಡಬಾರದಿತ್ತು. ನಡುವೆ ಹರಿದುಹೋದ ಹಸು. ಅದರ ಸುತ್ತ ತಿಂದವರೆಲ್ಲ ತಿಂದಲ್ಲೇ ಬಿದ್ದಿದ್ದರು. ಸಿಂಹಗಳು, ಕತ್ತೆಕಿರುಬಗಳು, ನರಿಗಳು, ರೆಕ್ಕೆ ಹರಡಿಕೊಂಡು ಕವುಚಿ ಬಿದ್ದ ರಣಹದ್ದುಗಳು. ನೊಣಗಳೂ ಬದುಕಿರಲಿಲ್ಲ. ತೋಟದ ಹುಳುಗಳಿಗೆ ಹಾಕುವ ನೇರಳೆ ಹರಳಿನ ವಿಷ ಅದು. ಕೂತ ನೊಣ ಏಳಲಿಲ್ಲ. ಸತ್ತ ನೊಣಗಳು ಎಷ್ಟಿದ್ದವೆಂದರೆ ಹೆಜ್ಜೆ ಇಟ್ಟಲ್ಲೆಲ್ಲ ಚುರುಚುರು ಸದ್ದು. ಆ ಸದ್ದಿಗೇ ಆಕೆಯ ಮೈ ಜುಂ ಎನ್ನುತ್ತಿತ್ತು.

ಸತ್ತ ಸಿಂಹಗಳ ಪಂಜಗಳೂ ಕೋರೆಹಲ್ಲುಗಳೂ ಇರಲಿಲ್ಲ. ಕಳ್ಳಪೇಟೆಯಲ್ಲಿ ಅವಕ್ಕೆ ಒಳ್ಳೇ ಬೆಲೆ; ಯಾರೋ ಬಂದು ಕೊಯ್ದು ಒಯ್ದಿದ್ದರು. ಕೊಳೆಯುವ ಹೆಣದ ಬಾಯಿಗೆ ಕೈ ಹಾಕಿ ಹಲ್ಲು ಕಿತ್ತವನು ಆಮೇಲೆ ಅದೇ ಕೈಯಲ್ಲಿ ಉಂಡಿರುತ್ತಾನಲ್ಲ ಎಂದು ನೆನೆದು ಆಕೆಗೆ ಮತ್ತೆ ವಾಕರಿಕೆ ಬಂತು.

ಅಂಥವನು ಹತ್ತಿರದ ಹಟ್ಟಿಯ ದನಗಾಹಿ ಸಿರೊಂಕಾ ಎಂದು ಠಾಣೆ ತೀರ್ಮಾನಿಸಿಯಾಗಿತ್ತು. ಹಸುವಿನ ಚರ್ಮದ ಮೇಲೆ ಅವನದೇ ಮುದ್ರೆ; ಅವನ ದೊಡ್ಡಿಯ ಮುಳ್ಳುಬೇಲಿಯಲ್ಲಿ ನೇರಳೆ ವಿಷದ ಪೊಟ್ಟಣ; ತನ್ನ ಹೋರಿಯನ್ನು ಸಿಂಹ ಹಿಡಿದ ದಿನ ಊರವರ ಮುಂದೆ ಅವನು ಆಡಿದ್ದ ಮಾತು. ಕೈಗೆ ಬೇಡಿ ಬಿದ್ದು ಜೀಪಿನಲ್ಲಿ ಕೂತಿದ್ದ. ಸಂಜೆಯೊಳಗೆ ಅವನನ್ನು ನರೋಕ್ ಪೇಟೆಯ ದೊಡ್ಡ ಠಾಣೆಗೆ ಒಪ್ಪಿಸಿ ಎಂದು ಮೇಲಿನ ಸಾಹೇಬರ ಫೋನು ಬಂದಿತ್ತು. ಅಲ್ಲಿಗೆ ಹೋದನೆಂದರೆ ಮುಗಿಯಿತು. ಸಿಂಹ ಕೊಂದ ಮೊಕದ್ದಮೆ. ಜೀವವಿರುವವರೆಗೆ ಕಂಬಿ ಎಣಿಸಬೇಕಾದರೂ ಆಶ್ಚರ್ಯವಿಲ್ಲ.

“ಇನ್‌ಸ್ಪೆಕ್ಟರೇ, ವಾಂತಿ ಆಮೇಲೆ ಮಾಡ್ಕೊಳ್ಳಿ. ಮೊದಲು ಇಲ್ಲಿ ನೋಡಿ.”

ಪಶುವೈದ್ಯೆ ವೈಥೆರಾ ಮೊಣಕೈವರೆಗೆ ಕತ್ತೆಕಿರುಬನೊಳಗೆ ಇಳಿದಿದ್ದಳು. ಜಠರವನ್ನು ಎಳೆದು ತಟ್ಟೆಗೆ ಹಾಕಿ ಸೀಳಿದಳು. ಬೂದುಬಣ್ಣದ ಲೋಳೆ, ಕೂದಲು, ಅಗಿಯದೆ ನುಂಗಿದ ಮಾಂಸದ ಮುದ್ದೆಗಳು, ಅವಕ್ಕೆಲ್ಲ ಅಂಟಿದ ನೇರಳೆ ಹರಳು. ಅದರೊಳಗಿಂದ ಕಪ್ಪಗಿನದೊಂದನ್ನು ಇಕ್ಕಳದಲ್ಲಿ ಹಿಡಿದೆತ್ತಿದಳು.

“ಏನದು? ಕರುಳಾ?”

“ಕರುಳು ಹೀಗೆ ಚೌಕಾಕಾರ ಇರುತ್ತಾ? ರಬ್ಬರ್ ಕಣ್ರೀ. ಗಾಡಿ ಚಕ್ರದ ಹಿಂದೆ ಕೆಸರು ಸಿಡೀಬಾರ್ದು ಅಂತ ತೂಗುಬಿಡ್ತಾರಲ್ಲ, ಆ ಪಟ್ಟಿ. ಮೂಲೆ ನೋಡಿ, ಗಾಡೀದೇ.”

“ಇದನ್ನೂ ತಿನ್ನುತ್ತಾ ಈ ಹೊಲಸು ಪ್ರಾಣಿ?”

“ಏನ್ ಬಿಡುತ್ತೆ ಹೇಳಿ! ಚಪ್ಪಲಿ, ಟೈರು, ಎಲ್ಲಾನೂ. ಸಿಂಹ ಎಣಿಸೋ ನಮ್ಮ ಒಗೋಲಾ ಡಾಕ್ಟ್ರ ಸ್ನಾನದ ಬಕೀಟು ತಿಂದು ತೇಗಿದ್ದವು.” ವೈಥೆರಾ ರಬ್ಬರನ್ನು ನೀರಿನಲ್ಲಿ ಅಲುಗಾಡಿಸಿದಳು. “ಆದ್ರೆ ವಿಷಯ ಅದಲ್ಲ. ಕತ್ತೆಕಿರುಬನ ಹೊಟ್ಟೆ ಮೂಳೇನೇ ಕರಗಿಸಿಬಿಡುತ್ತೆ. ಇದರ ಮೇಲೆ ಹಲ್ಲಿನ ಗುರುತು ಇನ್ನೂ ಹೊಸದಾಗಿದೆ. ಮೇಲಿರೋದೆಲ್ಲ ಹಸುವಿನ ಮಾಂಸ, ಕೆಳಗಿರೋದು ಇದು. ಅಂದ್ರೆ?”

ಕಟುಂಗೆ ಮೂಗು ಹಿಡಿದುಕೊಂಡೇ ಬಗ್ಗಿದಳು. “ಮೊದಲು ರಬ್ಬರ್ ಕಚ್ಚಿದೆ. ಆಮೇಲೆ ಹಸು ತಿಂದಿದೆ. ತಿಂದು ಅಲ್ಲೇ ಸತ್ತಿದೆ.”

“ಹಾಂ! ನೀವು ಓದಿದ್ದು ದಂಡವಾಗಿಲ್ಲ ಬಿಡಿ.”

“ಅಂದ್ರೆ ಆಗ ಇಲ್ಲೇ ಒಂದು ಗಾಡಿ ನಿಂತಿತ್ತು.”

“ನಾನು ಪಶುವೈದ್ಯೆ. ಗಾಡಿ ಹುಡುಕೋದು ನಿಮ್ಮ ಕೆಲಸ.”

ಲೋಳೆ ತೊಳೆದುಹೋದ ಮೇಲೆ ರಬ್ಬರಿನ ಒಂದು ಮಗ್ಗುಲಲ್ಲಿ ಬಿಳಿ ಬಣ್ಣ ಕಂಡಿತು. ಚೂಪು ತುದಿಯ ಎರಡು ಗೆರೆ, ನಡುವೆ ತುಂಡಾಗಿತ್ತು. ಏನೆಂದು ಇಬ್ಬರಿಗೂ ಹೊಳೆಯಲಿಲ್ಲ. ಕಟುಂಗೆ ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಎರಡು ಗಂಟು ಬಿಗಿದು ಅಂಗಿಯ ಜೇಬಿಗಿಳಿಸಿದಳು. ನಾತ ಗಂಟನ್ನೂ ಮೀರಿ ಬರುತ್ತಿತ್ತು.

ಒಂದಂತೂ ಸ್ಪಷ್ಟವಾಗಿತ್ತು. ಸಿರೊಂಕಾನ ಹತ್ತಿರ ಗಾಡಿ ಹಾಗಿರಲಿ, ಸೈಕಲ್ಲೂ ಇರಲಿಲ್ಲ. ಆ ಸುತ್ತಿನಲ್ಲಿ ಸ್ವಂತ ಗಾಡಿ ಇದ್ದವರೆಂದರೆ ಒಗೋಲಾ ಡಾಕ್ಟರು.

*

“ಏನ್ ಸಿಕ್ತು ಮೇಡಂ ಒಳಗೆ?” ಜೀಪು ಹೊರಡಿಸುತ್ತ ಬರಾಸಾ ಕೇಳಿದ.

“ಹೊಲಸು. ಮತ್ತೇನ್ ಸಿಗುತ್ತೆ, ಚಿನ್ನಾನಾ? ಒಗೋಲಾ ಡಾಕ್ಟ್ರ ಬಿಡಾರಕ್ಕೆ ನಡಿ.”

“ನರೋಕ್‌ಗೆ ಹೋಗಬೇಕಲ್ವಾ? ಸಾಹೇಬ್ರು—”

“ಸಾಹೇಬ್ರಿಗೆ ನಾನು ಹೇಳ್ಕೋತೀನಿ. ನೀನು ಸ್ಟೀರಿಂಗ್ ನೋಡ್ಕೊ.”

ಹಿಂದಿನ ಸೀಟಿನಲ್ಲಿ ಸಿರೊಂಕಾ ಮಂಡಿಗೆ ಹಣೆ ಹಚ್ಚಿ ಕೂತಿದ್ದ. ಎತ್ತರದ ಆಳು. ಹೊದ್ದ ಕೆಂಪು ವಸ್ತ್ರವನ್ನು ಮೈಗೆ ಎಷ್ಟು ಸುತ್ತಿಕೊಂಡರೂ ಮೊಣಕಾಲು ಹೊರಗೇ. ಕಟುಂಗೆ ತಿರುಗಿ ಕೂತಳು.

“ಏನಯ್ಯಾ, ಕೊನೇ ಸಲ ಕೇಳ್ತೀನಿ. ನಿನ್ನ ಹಸು ಅಲ್ಲಿಗೆ ಹೇಗೆ ಬಂತು?”

“ಕಳ್ಳತನ ಆಯ್ತು ಅಂತ ಎಷ್ಟು ಸಲ ಹೇಳಲಿ ಅಮ್ಮಾ? ಮೇಯೋಕೆ ಬಿಟ್ಟಿದ್ದು ಸಂಜೆ ಬರಲಿಲ್ಲ. ಹುಡುಕಿದೆ. ನಿಮ್ಮ ಠಾಣೆಗೂ ಬಂದು ಹೇಳಿದೆ. ಅಲ್ಲಿ ಇದ್ದೋರು ನಕ್ಕು ಕಳಿಸಿದ್ರು.”

“ಕಥೆ ಕಟ್ತಾನೆ ಮೇಡಂ,” ಎಂದ ಬರಾಸಾ. “ದನ ಕಾಯೋನಿಗೆ ಬುದ್ಧಿ ಎಲ್ಲಿ ಹೋಗುತ್ತೆ? ಬೇಲೀಲಿ ವಿಷದ ಪೊಟ್ಟಣ ನಾನೇ ಅಲ್ವಾ ಹುಡುಕಿ ತೆಗೆದಿದ್ದು?”

ಸಿರೊಂಕಾ ತಲೆ ಎತ್ತಿದ. “ಹೌದಯ್ಯಾ, ದನ ಕಾಯೋನೇ ನಾನು. ಅದಕ್ಕೇ ಕೇಳ್ತಿದ್ದೀನಿ. ಅಮ್ಮಾ, ನೀವೇ ಹೇಳಿ, ಆ ಹಸೂಗೆ ಚರ್ಮ ಇತ್ತಲ್ಲ? ನಮ್ಮಲ್ಲಿ ಹಸು ಹೇಗೇ ಸಾಯಲಿ, ಚರ್ಮ ಸುಲೀದೆ ಬಿಡಲ್ಲ. ನಮ್ಮವ್ವ ಮಲಗೋದು ಅದರ ಮೇಲೇನೇ. ನನ್ನ ಮುದ್ರೆ ಹಾಕಿರೋ ಚರ್ಮಾನ ನಾನೇ ಬಿಟ್ಟು ಬಂದು, ಬನ್ನಿ ನನ್ನ ಹಿಡೀರಿ ಅಂತೀನಾ? ಯಾವನೋ ದನದ ಗಂಧಗಾಳಿ ಇಲ್ಲದೋನು ಮಾಡಿದ ಕೆಲಸ ಅದು.”

“ಸಿಂಹ ಕೊಲ್ತೀನಿ ಅಂತ ಊರ ಮುಂದೆ ಕೂಗಿದ್ದು ಸುಳ್ಳಾ?”

“ಕೂಗಿದೆ. ನನ್ನ ಹೋರಿ ತಿಂದಾಗ ಮುದ್ದು ಮಾಡ್ಲಾ? ಸಿಟ್ಟು ಬಂದ್ರೆ ಭರ್ಜಿ ಹಿಡೀತೀವಿ. ಎದುರಿಗೆ ನಿಂತು ಬೈತೀವಿ. ವಿಷ ಇಕ್ಕಿ ಕೊಂದೋನು ಅಂತ ಗೊತ್ತಾದ್ರೆ ಅಂಥವನಿಗೆ ನಮ್ಮ ಹೆಂಗಸರು ಒಂದು ಗುಟುಕು ಹಾಲೂ ಕೊಡಲ್ಲ. ಥೂ!”

ಅವನು ಉಗುಳಿದ ರೀತಿಯನ್ನು ಕಟುಂಗೆ ಗಮನಿಸಿದಳು. ಬೆಳಗಿನಿಂದ ಆಕೆ ಉಗುಳುತ್ತಿದ್ದುದೂ ಹಾಗೆಯೇ. ಅಸಹ್ಯವನ್ನು ನಟಿಸಲು ಬರುವುದಿಲ್ಲ. ಗಂಟಲು ಒಪ್ಪುವುದಿಲ್ಲ.

*

ಒಗೋಲಾ ಡಾಕ್ಟರು ಆ ಬಯಲಿನ ಸಿಂಹ, ಕತ್ತೆಕಿರುಬಗಳ ಹಿಂದೆ ತಿರುಗಿ ತಿರುಗಿಯೇ ತಲೆ ನರೆಸಿಕೊಂಡವರು. ಹಳ್ಳದ ದಡದಲ್ಲಿ ಡೇರೆ ಹಾಕಿಕೊಂಡು, ಒಂದೊಂದು ಪ್ರಾಣಿಯನ್ನೂ ಮುಖ ನೋಡಿ ಗುರುತು ಹಿಡಿಯುವವರು. ಹೆಣಗಳು ಸಿಕ್ಕ ದಿನ ಮುದಿ ಸಿಂಹಿಣಿಯೊಂದರ ತಲೆ ತೊಡೆಯ ಮೇಲಿಟ್ಟುಕೊಂಡು ಅತ್ತಿದ್ದರು. ಅವತ್ತು ಕಟುಂಗೆಯ ಕಣ್ಣೂ ಒದ್ದೆಯಾಗಿತ್ತು.

ಇವತ್ತು ಆಕೆ ಅವರಿಗೆ ನಮಸ್ಕಾರವನ್ನೂ ಹೇಳಲಿಲ್ಲ. ಸೀದಾ ಅವರ ಗಾಡಿಯ ಹಿಂದೆ ಹೋಗಿ ಬಗ್ಗಿದಳು.

ಚಕ್ರದ ಹಿಂದೆ ರಬ್ಬರ್ ಪಟ್ಟಿಯೇ ಇರಲಿಲ್ಲ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ತುಕ್ಕು ಹಿಡಿದ ತಿರುಪುಗಳು ಮಾತ್ರ ಇದ್ದವು.

“ಎಲ್ಲಿ ಸ್ವಾಮಿ ರಬ್ಬರು?”

“ಅದಾ?” ಒಗೋಲಾ ಕನ್ನಡಕ ಸರಿಮಾಡಿಕೊಂಡರು. “ಅವೆಲ್ಲ ಯಾವ ಕಾಲದಲ್ಲೋ ಕತ್ತೆಕಿರುಬಗಳ ಹೊಟ್ಟೆ ಸೇರಿದವು. ಕೂಗು ಹಾಕಿದಾಗಲೆಲ್ಲ ಬಂದು ಗಾಡಿ ಕಡೀತವೆ. ಹೊಸದು ಹಾಕಿ ಹಾಕಿ ಸಾಕಾಗಿ ಬಿಟ್ಟುಬಿಟ್ಟೆ.”

ತುಕ್ಕು ನೋಡಿದರೆ ಮಾತು ನಿಜವೆನಿಸಿತು. ಜೇಬಿನಲ್ಲಿದ್ದ ತುಂಡು ಈ ಗಾಡಿಯದಲ್ಲ. ಆದರೆ ಅವರ ಮಾತಿನಲ್ಲಿ ಒಂದು ಪದ ಕಟುಂಗೆಯ ಕಿವಿಗೆ ಸಿಕ್ಕಿಕೊಂಡಿತು.

“ಕೂಗು ಹಾಕೋದು ಅಂದ್ರೇನು?”

ಒಗೋಲಾ ತಡವರಿಸಿದರು. “ಅದೇ... ಎಣಿಕೆ ಮಾಡೋ ವಿಧಾನ. ಗಾಡಿ ಮೇಲೆ ದೊಡ್ಡ ಧ್ವನಿವರ್ಧಕ ಇಟ್ಟು, ಸಾಯ್ತಿರೋ ಎಮ್ಮೆಕರುವಿನ ಕೂಗು ಹಾಕ್ತೀವಿ. ಸುತ್ತಮುತ್ತಲಿನ ಸಿಂಹ, ಕತ್ತೆಕಿರುಬ ಎಲ್ಲಾ ಪುಕ್ಕಟೆ ಊಟ ಅಂತ ಓಡಿ ಬರ್ತವೆ. ಆಗ ಎಣಿಸ್ತೀವಿ. ಇಲ್ಲದಿದ್ರೆ ಈ ಹುಲ್ಲಲ್ಲಿ ಹೇಗೆ ಎಣಿಸೋಕಾಗುತ್ತೆ?”

“ಒಳಗೆ ನಡೀರಿ.”

“ಏನು?”

“ಡೇರೆ ಒಳಗೆ ನಡೀರಿ ಅಂದೆ. ನೀವು ಪ್ರಾಣಿಗಳ ಕುತ್ತಿಗೆಗೆ ರೇಡಿಯೋ ಪಟ್ಟಿ ಕಟ್ಟಿರ್ತೀರಲ್ಲ, ಅವು ಸತ್ತ ರಾತ್ರಿ ಎಲ್ಲಿಂದ ಎಲ್ಲಿಗೆ ಬಂದ್ವು ಅಂತ ನಂಗೆ ತೋರಿಸ್ಬೇಕು.”

ಕಂಪ್ಯೂಟರಿನ ನಕ್ಷೆಯಲ್ಲಿ ಚುಕ್ಕೆಗಳು ಮೂಡಿದವು. ಹಳ್ಳದ ಈಚೆಯ ಸಿಂಹಿಣಿ, ಆಚೆಯ ಬಿಲದ ಎರಡು ಕತ್ತೆಕಿರುಬ. ಅಷ್ಟು ಹೊತ್ತು ಅಲ್ಲಲ್ಲೇ ಸುಳಿದಾಡಿದ್ದ ಚುಕ್ಕೆಗಳು ಇದ್ದಕ್ಕಿದ್ದಂತೆ ಗೆರೆ ಎಳೆದ ಹಾಗೆ ನೆಟ್ಟಗೆ ಹಸುವಿನ ಕಡೆ ಹೊರಟಿದ್ದವು. ಮೂರೂ ಒಂದೇ ಗಳಿಗೆಯಲ್ಲಿ.

“ವಾಸನೆ ಹಿಡಿದು ಬಂದವು ಅಂತ ನೀವು ನನಗೆ ಬರೆದು ಕೊಟ್ಟಿದ್ದೀರಿ,” ಎಂದಳು ಕಟುಂಗೆ.

“ಹೌದು. ಕತ್ತೆಕಿರುಬನ ಮೂಗು ಸಾಮಾನ್ಯದ್ದಲ್ಲ.”

“ನನ್ನ ಮೂಗೂ ಇವತ್ತು ಸಾಮಾನ್ಯದ್ದಲ್ಲ ಡಾಕ್ಟ್ರೇ. ಬೆಳಗಿಂದ ಗಾಳಿ ಯಾವ ಕಡೆಯಿಂದ ಬರುತ್ತೆ ಅಂತ ನೋಡ್ಕೊಂಡು ಅದರ ವಿರುದ್ಧ ನಿಂತು ನಿಂತು ಸಾಕಾಗಿದೆ. ಈ ತಿಂಗಳೆಲ್ಲ ಗಾಳಿ ಪೂರ್ವದಿಂದ. ಅಲ್ವಾ?”

ಒಗೋಲಾ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು.

“ನಿಮ್ಮ ಪ್ರಾಣಿಗಳು ಇದ್ದದ್ದೂ ಪೂರ್ವದಲ್ಲಿ. ಹಸು ಬಿದ್ದಿದ್ದು ಪಶ್ಚಿಮದಲ್ಲಿ. ಹೆಣದ ವಾಸನೆ ಅವುಗಳಿಂದ ದೂರ ಹೋಗ್ತಿತ್ತು, ಹತ್ತಿರ ಅಲ್ಲ. ಹಾಗಾದ್ರೆ ಮೂಗಿಗೆ ಸಿಕ್ಕಿದ್ದಲ್ಲ. ಕಿವಿಗೆ ಸಿಕ್ಕಿದ್ದು. ಹೌದೋ ಅಲ್ವೋ?”

“ಇನ್‌ಸ್ಪೆಕ್ಟರ್, ದಯವಿಟ್ಟು—”

“ಈ ಕಾಡಲ್ಲಿ ಎಮ್ಮೆಕರುವಿನ ಕೂಗು ಹಾಕೋ ಯಂತ್ರ ಯಾರ ಹತ್ರ ಇದೆ? ತೋರಿಸಿ. ಈಗಲೇ.”

ಒಗೋಲಾ ಮಂಚದ ಮೇಲೆ ಕುಸಿದು ಕೂತರು. ಡೇರೆಯ ಮೂಲೆಯಲ್ಲಿ ಖಾಲಿ ಮರದ ಪೆಟ್ಟಿಗೆ ಬಾಯ್ತೆರೆದುಕೊಂಡಿತ್ತು.

“ಇಲ್ಲ,” ಎಂದರು.

“ಇಲ್ಲ ಅಂದ್ರೆ?”

“ಕೊಟ್ಟೆ. ಊರ ಸಭೆಗೆ ಬೇಕು ಅಂದ್ರು. ಹಳೇ ಮೈಕು ಕೆಟ್ಟಿದೆ, ಒಂದೆರಡು ದಿನಕ್ಕೆ ಕೊಡಿ ಅಂದ್ರು. ಧ್ವನಿವರ್ಧಕ, ಬ್ಯಾಟರಿ, ಹಾಡು ಹಾಕೋ ಪೆಟ್ಟಿಗೆ ಎಲ್ಲಾ ಒಟ್ಟಿಗೇ ಕೊಟ್ಟುಬಿಟ್ಟೆ. ಕರುವಿನ ಕೂಗು ಅದರೊಳಗೇ ಇತ್ತು. ತೆಗೆಯೋಕೆ ಮರೆತೆ.”

“ಮರೆತ್ರಾ! ಆಮೇಲೆ ಹೆಣಗಳನ್ನ ನೋಡಿದಾಗ? ಆಗಲೂ ಮರೆತ್ರಾ?”

“ಆಗ ಗೊತ್ತಾಯ್ತು.” ಅವರ ದನಿ ಗುಹೆಯಿಂದ ಬಂದ ಹಾಗಿತ್ತು. “ಆ ಯಂತ್ರ ನನ್ನ ಕೈ ಬಿಟ್ಟು ಹೋಗ್ಬಾರ್ದು ಅಂತ ಪರವಾನಗೀಲೇ ಇದೆ. ಹೇಳಿದ್ರೆ ನನ್ನನ್ನ ಈ ಬಯಲಿಂದ ಓಡಿಸ್ತಾರೆ. ನನ್ನ ಜೀವಮಾನದ ಕೆಲಸ ಇದು ಇನ್‌ಸ್ಪೆಕ್ಟರ್. ಬೇರೆ ಏನೂ ಗೊತ್ತಿಲ್ಲ ನಂಗೆ.”

“ಅದಕ್ಕೇ ವಾಸನೆ ಅಂತ ಬರೆದುಕೊಟ್ರಿ. ಅದಕ್ಕೇ ಆ ಸಿರೊಂಕಾ ಬೇಡಿ ಹಾಕ್ಕೊಂಡು ಕೂತಿರೋದು ನೋಡ್ಕೊಂಡು ಸುಮ್ಮನಿದ್ರಿ.”

“ನಾನು ಅವನ ಹೆಸರು ಹೇಳಲಿಲ್ಲ.”

“ಓಹೋ! ದೊಡ್ಡ ಉಪಕಾರ!”

ಕಟುಂಗೆಗೆ ಮೈಯೆಲ್ಲ ಉರಿಯಿತು. ಬೆಳಗಿನಿಂದ ಸತ್ತ ಪ್ರಾಣಿಗಳ ನಡುವೆ ನಿಂತವಳು. ಅವುಗಳ ನಾತವನ್ನು ಹೇಗೋ ಸಹಿಸಿದ್ದಳು. ಅವು ಹಸಿದಿದ್ದವು, ತಿಂದವು, ಸತ್ತವು, ಅದರಲ್ಲಿ ಕಪಟವಿಲ್ಲ. ಇಲ್ಲಿ ಒಗೆದ ಅಂಗಿ ತೊಟ್ಟು, ಸಾಬೂನಿನ ವಾಸನೆ ಬರುವ ಮನುಷ್ಯನೊಬ್ಬ ಇನ್ನೊಬ್ಬನ ಬಾಳಿಗೆ ಮಣ್ಣೆಳೆದು ತನ್ನ ಡೇರೆ ಉಳಿಸಿಕೊಳ್ಳಲು ನೋಡುತ್ತಿದ್ದ. ಸಿಂಹಿಣಿಯ ತಲೆ ತೊಡೆಯ ಮೇಲಿಟ್ಟುಕೊಂಡು ಅತ್ತದ್ದು ನೆನಪಾಗಿ ಆಕೆಗೆ ಹೇಸಿಗೆಯಾಯಿತು. ತನ್ನ ಕಣ್ಣು ಒದ್ದೆಯಾದದ್ದಕ್ಕೆ ಇನ್ನೂ ಹೇಸಿಗೆಯಾಯಿತು.

“ಯಾರು ಬಂದು ತಗೊಂಡ್ಹೋದ್ರು?”

ಒಗೋಲಾ ಬಾಯಿ ತೆರೆದರು. ತೆರೆದ ಬಾಯಿ ಹಾಗೇ ನಿಂತಿತು. ಅವರ ಕಣ್ಣು ಆಕೆಯ ಭುಜದಾಚೆ, ಡೇರೆಯ ಬಾಗಿಲಿನ ಆಚೆ, ಬಯಲಿನ ಬೆಳಕಿನ ಕಡೆ ಹೋಯಿತು.

“ನಿಮ್ಮವರೇ,” ಎಂದರು ಪಿಸುದನಿಯಲ್ಲಿ.

“ನಮ್ಮವರು ಅಂದ್ರೆ? ಠಾಣೆಯವರಾ?”

“ಅಷ್ಟೇ. ಇನ್ನು ನನ್ನ ಬಾಯಿಂದ ಹೇಳಿಸಬೇಡಿ. ನೀವು ಇವತ್ತು ಬಂದೋರು, ನಾಳೆ ವರ್ಗವಾಗಿ ಹೋಗ್ತೀರಿ. ನಾನು ಇಲ್ಲೇ ಒಬ್ಬನೇ ಮಲಗ್ಬೇಕು.”

“ಹೆಸರು ಹೇಳ್ರೀ! ಸಾಹೇಬ್ರು ಕಳಿಸಿದ್ದಾ? ಯಾರ ಮುಖಾಂತರ?”

ಒಗೋಲಾ ತಲೆ ತಗ್ಗಿಸಿದರು. 

ಹೊರಗೆ ಜೀಪಿನ ಹಾರನ್ನು ಕೂಗಿತು. ಒಮ್ಮೆ ಅಲ್ಲ, ಬಿಡದೆ.

*

ಹಾರನ್ನಿಗೆ ಕಾರಣ ಸಿರೊಂಕಾನ ತಾಯಿ ನೋಲಾರಿ.

ಮಗನಿರುವ ಜೀಪು ಡಾಕ್ಟರ ಬಿಡಾರಕ್ಕೆ ಬಂದಿದೆ ಎಂದು ಯಾರೋ ಹೇಳಿದ್ದೇ ತಡ, ಮುದುಕಿ ಹಟ್ಟಿಯಿಂದ ಓಡೋಡಿ ಬಂದಿದ್ದಳು. ಬಂದವಳು ಅಳಲಿಲ್ಲ, ಕಾಲಿಗೆ ಬೀಳಲಿಲ್ಲ. ಪೊದೆಗೂ ಜೀಪಿಗೂ ನಡುವೆ ನುಸುಳಿ, ಹೊದ್ದ ಕೆಂಪು ವಸ್ತ್ರದ ಒಂದು ತುದಿಯನ್ನು ಜೀಪಿನ ಹಿಂದಿನ ಕಬ್ಬಿಣಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ತನ್ನ ಸೊಂಟಕ್ಕೆ ಗಂಟು ಹಾಕಿಕೊಂಡು ಕೂತುಬಿಟ್ಟಿದ್ದಳು.

“ಅವ್ವಾ, ಏಳವ್ವಾ, ಹಟ ಮಾಡ್ಬೇಡ!” ಜೀಪಿನೊಳಗಿಂದ ಸಿರೊಂಕಾ ಕೂಗುತ್ತಿದ್ದ.

“ನೀನು ಸುಮ್ನಿರೋ. ಒಯ್ಯೋದಾದ್ರೆ ನನ್ನನ್ನೂ ಎಳ್ಕೊಂಡು ಒಯ್ಯಲಿ. ನರೋಕ್ ಪೇಟೆ ಜನ ನೋಡ್ಲಿ.”

ಬರಾಸಾ ಕಿಟಕಿಯಿಂದ ತಲೆ ಹಾಕಿದ. “ನೋಡಿ ಮೇಡಂ ಈ ಮುದುಕೀದು! ಹೊತ್ತಾಗ್ತಾ ಇದೆ. ನಾನೇ ಇಳಿದು ಕತ್ತರಿಸಿ ಬಿಸಾಕ್ತೀನಿ.”

“ಕೂತ್ಕೊ ನೀನು. ನಾನು ಬಿಡಿಸ್ತೀನಿ.”

“ಬೇಡ ಮೇಡಂ, ಅಲ್ಲಿ ಮುಳ್ಳಿದೆ. ನೀವು ಯಾಕೆ—”

“ಕೂತ್ಕೊ ಅಂದ್ನಲ್ಲ!”

ಕಟುಂಗೆ ಮುಳ್ಳನ್ನು ಮೊಣಕೈಯಿಂದ ಸರಿಸುತ್ತ ಒಳಗೆ ನುಗ್ಗಿದಳು. ಅಂಗಿಯ ತೋಳು ಹರಿಯಿತು. ಹಾಳಾಗಿ ಹೋಗಲಿ, ಈ ಅಂಗಿಯನ್ನು ಹೇಗೂ ಸುಡಲೇಬೇಕಿತ್ತು. ಮುದುಕಿಯ ಪಕ್ಕ ಕುಕ್ಕರಗಾಲಲ್ಲಿ ಕೂತಳು.

ನೋಲಾರಿ ಮೂಗು ಸಿಂಡರಿಸಿದಳು. “ನಾತ ಹೊಡೀತೀಯಲ್ಲೇ ಮಗಳೇ.”

“ನಿನ್ನ ಮಗನಿಗೋಸ್ಕರಾನೇ ಈ ನಾತ.”

“ಹಾಗಾದ್ರೆ ನನ್ನ ಕಣ್ಣು ನೋಡಿ ಹೇಳು. ನನ್ನ ಮಗ ಮಾಡಿದಾನಾ?”

ಪೊಲೀಸಿನವರು ಇಂಥ ಮಾತಿಗೆ ಉತ್ತರ ಕೊಡಬಾರದು. ಕಟುಂಗೆಗೆ ಅದು ಚೆನ್ನಾಗಿ ಗೊತ್ತಿತ್ತು.

“ಇಲ್ಲ,” ಎಂದಳು. “ಮಾಡಿಲ್ಲ. ಅವನನ್ನ ಜೈಲಿಗೆ ಹೋಗೋಕೆ ಬಿಡಲ್ಲ. ಗಂಟು ಬಿಚ್ಚು.”

 ಮುದುಕಿ ಆಕೆಯ ಬಲಗೈಯನ್ನು ಎಳೆದುಕೊಂಡು, ಬೆರಳು ಬಿಡಿಸಿ, ಅಂಗೈಗೆ ಥೂ ಎಂದು ಉಗುಳಿದಳು. ಅವರಲ್ಲಿ ಹಿರಿಯರು ಹರಸುವುದು ಹಾಗೆಯೇ. ಬೆಚ್ಚಗಿನ ಉಗುಳು, ಅದರಲ್ಲಿ ನಶ್ಯದ ಕಂದು ಬಣ್ಣ. ಬೆಳಗಿನಿಂದ ಎಲ್ಲದಕ್ಕೂ ವಾಕರಿಸಿದ ಕಟುಂಗೆ ಆ ಕೈಯನ್ನು ಒರೆಸಿಕೊಳ್ಳಲಿಲ್ಲ. ಮುಷ್ಟಿ ಕಟ್ಟಿದಳು.

“ಹೋಗಿ ಬಾ ಮಗಳೇ,” ಎಂದು ನೋಲಾರಿ ಸೊಂಟದ ಗಂಟು ಬಿಚ್ಚಿಕೊಂಡು, ಚಕ್ರಕ್ಕೆ ಒರಗಿದ್ದ ಬೆನ್ನನ್ನು ಎತ್ತಿದಳು.

ಅವಳ ಬೆನ್ನು ಉಜ್ಜಿದ್ದ ಕಡೆ ಒಣಗಿದ ಕೆಸರು ಉದುರಿಹೋಗಿತ್ತು. ಜೀಪಿನ ಬಲ ಚಕ್ರದ ಹಿಂದೆ ರಬ್ಬರ್ ಪಟ್ಟಿ ತೂಗುತ್ತಿತ್ತು. ಅರ್ಧವೇ ಪಟ್ಟಿ. ಕೆಳಗಿನರ್ಧ ಹರಿದುಹೋಗಿತ್ತು, ಹರಿದ ಅಂಚಿನುದ್ದಕ್ಕೂ ಹಲ್ಲಿನ ಗುಳಿಗಳು. ಉಳಿದ ಅರ್ಧದ ಮೇಲೆ ಬಿಳಿ ಬಣ್ಣದಲ್ಲಿ ಬರೆದ ನಕ್ಷತ್ರದ ಮೂರು ಮೂಲೆ.

ಕಟುಂಗೆ ಕತ್ತು ಚಾಚಿ ಎಡ ಚಕ್ರದ ಕಡೆ ನೋಡಿದಳು. ಅಲ್ಲಿ ಪೂರ್ತಿ ಪಟ್ಟಿ, ಪೂರ್ತಿ ನಕ್ಷತ್ರ. ಐದು ಮೂಲೆಯೂ ನೀಟಾಗಿ, ಪ್ರೀತಿಯಿಂದ ಬರೆದದ್ದು.

 ಜೇಬಿನಿಂದ ಚೀಲ ತೆಗೆದಳು. ಗಂಟು ಬಿಚ್ಚಿದಾಗ ಬಂದ ನಾತ ಆಕೆಗೆ ತಿಳಿಯಲೇ ಇಲ್ಲ. ತುಂಡನ್ನು ಹರಿದ ಅಂಚಿಗೆ ಹಿಡಿದಳು. ಹಲ್ಲಿಗೆ ಹಲ್ಲು, ಗೆರೆಗೆ ಗೆರೆ ಕೂಡಿತು. ನಕ್ಷತ್ರ ಪೂರ್ತಿಯಾಯಿತು.

ಪೊದೆಯೊಳಗೆ ತುರುಕಿ ನಿಲ್ಲಿಸುತ್ತಿದ್ದುದು ನೆರಳಿಗಲ್ಲ. ಬೇಲಿಯಲ್ಲಿ ವಿಷ ಸಿಕ್ಕಿದ್ದು ಹುಡುಕಿದ್ದಕ್ಕಲ್ಲ. ಒಗೋಲಾ ಕಣ್ಣು ಹಾಯಿಸಿದ್ದು ಬಯಲಿನ ಬೆಳಕಿನ ಕಡೆಗಲ್ಲ, ಅಲ್ಲಿ ಜೀಪಿನಲ್ಲಿ ಕೂತಿದ್ದವನ ಕಡೆಗೆ. ಸಿಂಹದ ಹಲ್ಲು ಕಿತ್ತ ಆ ಕೈಯಿಂದ ಕಡಲೆಕಾಯಿ ಈಸಿಕೊಂಡು ನಿನ್ನೆ ತಾನೂ ತಿಂದಿದ್ದಳು! ಹೊಟ್ಟೆಯಲ್ಲಿದ್ದುದೆಲ್ಲ ಒಮ್ಮೆಲೇ ಬಾಯಿಗೆ ಬಂದು, ಕಟುಂಗೆ ಹಲ್ಲು ಕಚ್ಚಿ ಅದನ್ನು ನುಂಗಿದಳು.

“ಏನಾಯ್ತೇ ಮಗಳೇ?” ನೋಲಾರಿ ಕೇಳಿದಳು.

ಕಟುಂಗೆ ತುಟಿಗೆ ಬೆರಳಿಟ್ಟು, ಹಟ್ಟಿಯ ಕಡೆ ಕೈ ತೋರಿಸಿದಳು. ಹೋಗು, ಜನರನ್ನು ಕರೆದುಕೊಂಡು ಬಾ. ಮುದುಕಿ ಮರುಮಾತಾಡದೆ ಪೊದೆಯೊಳಗಿಂದಲೇ ಸರಸರ ನುಸುಳಿ ಮರೆಯಾದಳು.

ಆಮೇಲೆ ಕಟುಂಗೆಯ ಬಲಗೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಅಲ್ಲಿ ಬರೀ ಅಂಗಿಯ ಬಟ್ಟೆ ಸಿಕ್ಕಿತು.

ತಲೆ ಎತ್ತಿದಳು. ಜೀಪಿನ ಬಲಗಡೆಯ ಕನ್ನಡಿಯಲ್ಲಿ, ತೂಗುವ ಮಣಿಸರದ ಪಕ್ಕ, ಬರಾಸಾನ ಕಣ್ಣುಗಳು ಆಕೆಯನ್ನೇ ನೋಡುತ್ತಿದ್ದವು. ಎಷ್ಟು ಹೊತ್ತಿನಿಂದ ನೋಡುತ್ತಿದ್ದನೋ! ಮೊದಲ ಸಲ ಅವನ ಬಾಯಿ ಆಡುತ್ತಿರಲಿಲ್ಲ.

ಹಿಂದಿನ ಸೀಟಿನಲ್ಲಿ ಬೇಡಿ ತೊಟ್ಟ ಸಿರೊಂಕಾ, ಏನೂ ಅರಿಯದೆ, ತಾಯಿ ಹೋದ ದಿಕ್ಕನ್ನೇ ನೋಡುತ್ತ ಕೂತಿದ್ದ. ಅವನ ಕತ್ತಿನ ಹಿಂಭಾಗಕ್ಕೂ ಬರಾಸಾನ ಕೈಗೂ ಒಂದು ಮೊಳದ ಅಂತರ.

“ಗಂಟು ಬಿಚ್ಚಿದ್ದಾಯ್ತಾ ಮೇಡಂ?” ಬರಾಸಾನ ದನಿ ಎಂದಿನಂತೆ ಮೆದುವಾಗಿತ್ತು. “ಬೆಲ್ಟು ಹುಡುಕ್ತಾ ಇದ್ದೀರಾ? ನನ್ನ ತೊಡೆ ಮೇಲೇ ಇದೆ, ಜೋಪಾನವಾಗಿ ಇಟ್ಕೊಂಡಿದ್ದೀನಿ. ಬನ್ನಿ, ಹತ್ತಿ. ಆ ರಬ್ಬರ್ ತುಂಡೂ ತನ್ನಿ.”